ಗಾಳಿಗುಡ್ಡದ ಹರವಿ

ನಾನೊಂದು ಮಣ್ಣಿನ ಹರವಿ. ನಾಲ್ಕು ಕೊಡ ನೀರು ಹಿಡಿಯುವ ಹೊಟ್ಟೆ, ಗಿಡ್ಡ ಕುತ್ತಿಗೆ, ದಪ್ಪ ತುಟಿ. ಇಷ್ಟೇ ನನ್ನ ಆಕಾರ. ನನಗೆ ಕಣ್ಣು ಬೇರೆ, ಬಾಯಿ ಬೇರೆ ಇಲ್ಲ. ಬಾಯಿ ಯಾವ ಕಡೆಗಿರುತ್ತದೋ ಆ ಕಡೆಯದು ಮಾತ್ರ ನನಗೆ ಕಾಣುತ್ತದೆ. ಉಳಿದದ್ದೆಲ್ಲ ಸದ್ದಿನಿಂದ, ಮಾತಿನಿಂದ ತಿಳಿಯುತ್ತದೆ. ನೆಟ್ಟಗೆ ಕೂರಿಸಿದರೆ ಆಕಾಶ, ಬೋರಲು ಹಾಕಿದರೆ ಕತ್ತಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಲ್ಲೆಲ್ಲಿಂದಲೋ ಜನ ಬಂದು ನೋಡಿ ಹೋಗುವ ಹಳೆಯ ಪಟ್ಟಣವೊಂದರ ನೆತ್ತಿಯ ಮೇಲೆ ನಾನು ಹನ್ನೆರಡು ಬೇಸಿಗೆ ಕೂತಿದ್ದೆ. ಆ ಹನ್ನೆರಡು ಬೇಸಿಗೆಯಲ್ಲಿ ಪಟ್ಟಣದ ಒಂದು ಕಲ್ಲನ್ನೂ ಕಾಣಲಿಲ್ಲ ಅಂದರೆ, ಈ ಮಾತು ಹೇಳದೆ ಹೋದರೆ ಯಾರೂ ನಂಬುವುದಿಲ್ಲ.

ನಾನು ಹುಟ್ಟಿದ್ದು ಕುಂಬಾರ ತೋಟಪ್ಪನ ಅಂಗಳದಲ್ಲಿ. ಕೆರೆಯ ಮಣ್ಣು ತಂದು, ನೆನೆಹಾಕಿ, ಬೂದಿ ಮತ್ತು ಕತ್ತೆಯ ಲದ್ದಿ ಬೆರೆಸಿ, ಎರಡು ದಿನ ಕಾಲಲ್ಲಿ ತುಳಿದರು. ತಿರುಗುವ ತಿಗರಿಯ ಮೇಲೆ ಕುತ್ತಿಗೆ ಬಂತು. ಹೊಟ್ಟೆ ಬಂದದ್ದು ತೋಟಪ್ಪನ ಹೆಂಡತಿಯ ಕೈಯಲ್ಲಿ. ಒಳಗಡೆ ಒಂದು ನುಣ್ಣನೆಯ ಕಲ್ಲು ಆನಿಸಿ ಹಿಡಿದು, ಹೊರಗಡೆಯಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ನನ್ನನ್ನು ದೊಡ್ಡದು ಮಾಡಿದಳು. ಹೊರಗೆ ಎಷ್ಟು ಏಟು ಬಿತ್ತೋ ಅಷ್ಟೂ ಸಲ ಒಳಗಿನ ಕೈ ತಡೆದುಕೊಂಡಿತು. ಆ ಕೈಯ ನೆನಪು ನನಗೆ ಇನ್ನೂ ಇದೆ.

ಆವಿಗೆಯಲ್ಲಿ ಬೆಂದು ಹೊರಗೆ ಬಂದ ದಿನ ನನ್ನ ಪಕ್ಕದ ಎರಡು ಹರವಿ ಸೀಳಿದ್ದವು. ತೋಟಪ್ಪ ನನ್ನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, "ಗಟ್ಟಿ ಐತಿ" ಎಂದ. ಕೊಳ್ಳಲು ಬಂದಿದ್ದವನು ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯ ಅಂದಾನಪ್ಪ. ಅವನಿಗೆ ತೋಟಪ್ಪ ಒಂದು ಮಾತು ಹೇಳಿದ.

"ಸಾವ್ಕಾರ್ರ, ಇದರ ಮೈಗೆ ಎಣ್ಣಿ ಜಿಡ್ಡು ತಗಲಾಕ ಬಿಡಬ್ಯಾಡ್ರಿ. ಮಣ್ಣು ಬೆವರಿದ್ರನ ನೀರು ತಣ್ಣಗಿರೋದು."

ಅಂದಾನಪ್ಪ ಹೂಂ ಅಂದ. ಮಾಡುವವರು ಹೇಳುವ ಮಾತಿಗೆ ಕೊಳ್ಳುವವರು ಹೂಂ ಅನ್ನುವುದು ರೂಢಿ.

ಖಾನಾವಳಿಯಲ್ಲಿ ಐದು ವರ್ಷ ಇದ್ದೆ. ಬಾಯಿಗೆ ಯಾವಾಗಲೂ ಒಂದು ತಗಡಿನ ಮುಚ್ಚಳ. ಮುಚ್ಚಳ ತೆಗೆದಾಗ ಅಂದಾನಪ್ಪನ ಗದ್ದ ಕಾಣುತ್ತಿತ್ತು, ಗದ್ದದ ಕೆಳಗಿನ ಒಂದು ನರಹುಲಿ ಕಾಣುತ್ತಿತ್ತು. ಅವನ ಮುಖ ಹೇಗಿತ್ತು ಅಂತ ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ನಲ್ಲಿ ತಿರುಗಿಸಿದರೆ ತಣ್ಣೀರು ಬರುವ ಸ್ಟೀಲಿನ ಯಂತ್ರ ತಂದರು. ನನ್ನನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿದರು. ಅಲ್ಲಿ ಪಾತ್ರೆ ತಿಕ್ಕುವ ಹೆಂಗಸು ನನ್ನನ್ನು ತೊಳೆದು, ನೆಟ್ಟಗೆ ಕೂರಿಸಿ, ಬಳಸುವ ನೀರು ತುಂಬಿಕೊಂಡಳು. ಅವಳೇ ದುರುಗವ್ವ. ನನ್ನ ಬಾಳಿನಲ್ಲಿ ಪೂರ್ತಿಯಾಗಿ ಕಂಡ ಮುಖ ಅದೊಂದೇ. ಬೇರೆಯವರು ನೀರು ಮೊಗೆಯುವಾಗ ಬೇರೆ ಕಡೆ ನೋಡುತ್ತಾರೆ. ಅವಳು ನೀರನ್ನೇ ನೋಡುತ್ತಿದ್ದಳು.

ಒಂದು ಬೇಸಿಗೆ ಅವಳು ಹದಿನೈದು ದಿನ ಬರಲಿಲ್ಲ. ಬಂದಾಗ ಹಣೆ ಬರಿದಾಗಿತ್ತು. ಪಾತ್ರೆ ತಿಕ್ಕಿ ಮುಗಿಸಿ, ಕೈ ಒರೆಸಿಕೊಂಡು, ಅಂದಾನಪ್ಪನನ್ನು ಹಿತ್ತಲಿಗೆ ಕರೆದಳು.

"ಸಾವ್ಕಾರ್ರ, ಈ ಹರವಿ ನಿಮಗ ಬ್ಯಾಡಾಗಿದ್ರ ನನಗ ಕೊಡ್ರಿ."

"ಯಾಕಬೇ, ಅಕ್ಕಿ ತುಂಬಿ ಇಡಾಕೇನು? ಇಷ್ಟು ಅಕ್ಕಿ ನನ್ನ ಅಡಗಿ ಮನ್ಯಾಗಿಂದ ಯಾವಾಗ ಸಾಗಿಸಿದಿ?"

ಒಳಗಿದ್ದ ಅಡುಗೆಯವರು ನಕ್ಕರು.

"ಗಾಳಿಗುಡ್ಡದ ಮ್ಯಾಲ ಇಡತೀನ್ರಿ. ಬಂದವರಿಗೆ ನೀರು ಕೊಡಾಕ."

ನಗು ನಿಂತಿತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ದುರುಗವ್ವನ ಗಂಡ ಗಾದಿಲಿಂಗಪ್ಪ ಆಡು ಕಾಯುವವನು. ಗಾಳಿಗುಡ್ಡ ಎಂದರೆ ಆ ಹಾಳು ಪಟ್ಟಣದ ಪಕ್ಕದಲ್ಲಿ ಬಂಡೆಯ ಮೇಲೆ ಬಂಡೆ ಪೇರಿಸಿದಂತೆ ನಿಂತಿರುವ ಗುಡ್ಡ. ತಪ್ಪಿಸಿಕೊಂಡ ಆಡು ಹುಡುಕುತ್ತಾ ಉರಿಬಿಸಿಲಿನಲ್ಲಿ ಅದರ ನೆತ್ತಿಗೆ ಹತ್ತಿ, ಅಲ್ಲೇ ಬಿದ್ದು, ಜೀವ ಬಿಟ್ಟಿದ್ದ. ಸಾಯುವವರ ಬಾಯಿಗೆ ನಾಲ್ಕು ಹನಿ ನೀರು ಬಿಡುವುದು ನಮ್ಮ ಕಡೆಯ ಪದ್ಧತಿ. ಅವನ ಬಾಯಿಗೆ ಅದು ಬೀಳಲಿಲ್ಲ.

ಹನ್ನೊಂದನೆಯ ದಿನ ಓಣಿಯ ಹಿರಿಯಳೊಬ್ಬಳು ದುರುಗವ್ವನಿಗೆ ಹೇಳಿದ್ದಳಂತೆ. ಅದನ್ನು ದುರುಗವ್ವ ಅಂದಾನಪ್ಪನಿಗೆ ಹೇಳಿದಳು. "ಹನ್ನೆರಡು ಬ್ಯಾಸಿಗಿ ಅವರು ಬಿದ್ದ ಜಾಗದಾಗ ನೀರು ಕೊಡಬೇಕಂತ್ರಿ. ದಿನಾ ಒಬ್ಬರರ ಕುಡದು 'ಹೊಟ್ಟಿ ತಣ್ಣಗಾತು' ಅನ್ನಬೇಕಂತ. ತಾವಾಗೇ ಅನ್ನಬೇಕು. ಕೇಳಿ ಅನಿಸಿಕೊಂಡ್ರ ಅವರಿಗೆ ಮುಟ್ಟಂಗಿಲ್ಲಂತ. ಒಂದು ದಿನ ತಪ್ಪಿದ್ರೂ ಮತ್ತ ಮೊದಲಿಂದ."

"ಒಂದು ದಿನ ತಪ್ಪಿದ್ರೂ?"

"ಹೂಂನ್ರಿ."

ಅಂದಾನಪ್ಪ ಮುಚ್ಚಳ ಹುಡುಕಿ ತಂದ. "ಒಯ್ಯಿ. ಮುಚ್ಚಳನೂ ಒಯ್ಯಿ" ಎಂದ.

ಅವಳು ಸಿಂಬಿ ಇಟ್ಟುಕೊಂಡು ನನ್ನನ್ನು ತಲೆಯ ಮೇಲೆ ಹೊತ್ತು ಹೊರಟಳು. ನನ್ನ ಬಾಯಿ ಮೇಲಕ್ಕಿತ್ತು. ಹಾಗಾಗಿ ದಾರಿಯ ಉದ್ದಕ್ಕೂ ನನಗೆ ಕಂಡದ್ದು ಆಕಾಶ ಮಾತ್ರ. ಆಕಾಶ ಅತ್ತಿತ್ತ ತೂಗುತ್ತಿದ್ದರೆ ಅವಳು ಹತ್ತುತ್ತಿದ್ದಾಳೆ ಎಂದು ತಿಳಿಯುತ್ತಿದ್ದೆ. ಆಕಾಶ ನಿಂತರೆ ಅವಳು ನಿಂತಳು ಎಂದು ತಿಳಿಯುತ್ತಿದ್ದೆ. ಎಷ್ಟು ಸಲ ನಿಂತಿತು, ಎಣಿಸಲಿಲ್ಲ. ಎಣಿಸಬೇಕು ಎಂದು ಆಗ ಅನ್ನಿಸಲಿಲ್ಲ.

ನೆತ್ತಿಯಲ್ಲಿ ಒಬ್ಬ ಗಂಡಸಿನ ದನಿ ಕೇಳಿತು. "ಇಲ್ಲೇ ತಂಗೀ. ಈ ಬಂಡಿಗಲ್ಲಿನ ಬುಡಕ."

ಅವನು ಖಾಜಾಸಾಬ. ಬಂದವರಿಗೆ ಪಟ್ಟಣದ ಕಥೆ ಹೇಳಿ ಹೊಟ್ಟೆ ಹೊರೆಯುವ ಗೈಡು. ಗಾದಿಲಿಂಗಪ್ಪನನ್ನು ಮೊದಲು ಕಂಡವನು ಅವನೇ. ಆಗ ಇನ್ನೂ ಉಸಿರಿತ್ತಂತೆ. ನೀರು ಅಂದನಂತೆ.

"ಬಾಟ್ಲಿ ಖಾಲಿ ಇತ್ತು ತಂಗೀ. ಗುಡ್ಡದ ಬುಡದಾಗ ನಾ ಮುಖ ತೊಳಕೊಂಡಿದ್ದೆ ಆ ನೀರಾಗ. ಮುಖ! ಈ ಮುಖ ಯಾರಿಗೆ ತೋರಸೋದಿತ್ತು ಹೇಳು?"

"ಇರಲಿ ಬಿಡು ಖಾಜಣ್ಣಾ. ಮರಳು ಎಲ್ಲಿ ಸಿಗತೈತಿ ತೋರಸು."

ಚಾಚಿಕೊಂಡ ಬಂಡೆಯ ನೆರಳಿನಲ್ಲಿ ಮರಳಿನ ಗದ್ದುಗೆ ಮಾಡಿ ನನ್ನನ್ನು ಕೂರಿಸಿದರು. ಅಂದಿನಿಂದ ಶುರುವಾಯಿತು.

ಶಿವರಾತ್ರಿಯಿಂದ ಮುಂಗಾರಿನ ಮಿರಗದ ಮಳೆಯ ತನಕ ಪ್ರತಿ ದಿನ ಒಂದೇ ಕ್ರಮ. ಗುಡ್ಡದ ಬುಡದಲ್ಲಿ ಹೊಳೆಯ ದಂಡೆಗೆ ಒಂದು ಬೋರಿಂಗು ಇತ್ತು. ನಸುಕಿನಲ್ಲಿ ಅಲ್ಲಿ ತುಂಬಿ, ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಎರಡು ಸಲ ಹತ್ತುತ್ತಿದ್ದಳು. ನಾಲ್ಕು ಕೊಡಕ್ಕೆ ನನ್ನ ಹೊಟ್ಟೆ ತುಂಬುತ್ತಿತ್ತು. ಆಮೇಲೆ ಹಿತ್ತಾಳೆ ತಂಬಿಗೆ ಹಿಡಿದು ಕೂರುತ್ತಿದ್ದಳು. ಹತ್ತಿ ಬಂದವರು ಬೊಗಸೆ ಒಡ್ಡಿದರೆ ಸುರಿಯುತ್ತಿದ್ದಳು. ಯಾರಾದರೂ ಒಬ್ಬರು ಬಾಯಿ ಒರೆಸಿಕೊಂಡು "ಹೊಟ್ಟಿ ತಣ್ಣಗಾತು ಯವ್ವಾ" ಎಂದ ಮೇಲೆ, ಒಂದು ತಂಬಿಗೆ ನೀರನ್ನು ಬಂಡೆಯ ಬುಡಕ್ಕೆ ಎರೆಯುತ್ತಿದ್ದಳು. ಅದು ಗಂಡನಿಗೆ. ಅದಾದ ಮೇಲೆಯೇ ತಾನು ಕುಡಿಯುತ್ತಿದ್ದಳು. ಅಲ್ಲಿಯವರೆಗೆ ಒಂದು ಹನಿಯೂ ಇಲ್ಲ. ಸಂಜೆ ಇಳಿದು ಹೋಗಿ ಖಾನಾವಳಿಯ ಪಾತ್ರೆ ತಿಕ್ಕುತ್ತಿದ್ದಳು. ಮಳೆ ಬಂದ ಮೇಲೆ ನನ್ನನ್ನು ಬೋರಲು ಹಾಕಿ, ಸುತ್ತ ಮುಳ್ಳು ಇಟ್ಟು ಹೋಗುತ್ತಿದ್ದಳು. ನನಗೆ ಮುಂದಿನ ಶಿವರಾತ್ರಿಯ ತನಕ ಕತ್ತಲು.

ನೀರು ಕುಡಿದವರಲ್ಲಿ ಯಾರೋ ಒಬ್ಬರು ದಿನವೂ ಕೇಳುತ್ತಿದ್ದರು, ಯಾರ ಹೆಸರಿನ ಅರವಟ್ಟಿಗೆ ಇದು ಎಂದು. ದುರುಗವ್ವ "ನಮ್ಮ ಮನಿಯವರ ಹೆಸರೀಲೆ" ಎನ್ನುತ್ತಿದ್ದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದಿಲ್ಲ, ಬದುಕಿದ್ದಾಗಲೂ ಇಲ್ಲ. ಪಕ್ಕದಿಂದ ಖಾಜಾಸಾಬ, "ಗಾದಿಲಿಂಗಪ್ಪ ಅಂತ್ರಿ. ನಮ್ಮ ಪೈಕಿ" ಎಂದು ಸೇರಿಸುತ್ತಿದ್ದ.

ಪಟ್ಟಣದ ವಿಷಯ ನನಗೆ ಗೊತ್ತಿದ್ದದ್ದೆಲ್ಲ ಈ ಕುಡಿಯುವವರ ಮಾತಿನಿಂದ. ಅವರ ಬಾಯಲ್ಲಿ ಪಟ್ಟಣ ದಿನಕ್ಕೊಂದು ಬಗೆ ಇರುತ್ತಿತ್ತು. ಒಬ್ಬ "ಅಬ್ಬಬ್ಬಾ, ಕಣ್ಣು ಹಾಯೋ ತನಕ ಪಟ್ಟಣವೇ" ಎನ್ನುತ್ತಿದ್ದ. ಅವನ ಹಿಂದೆ ಬಂದವಳು "ಇಷ್ಟು ಹತ್ತಿ ಬಂದದ್ದು ಈ ಕಲ್ಲಿಗಾ?" ಎಂದು ಗಂಡನನ್ನು ಬೈಯುತ್ತಿದ್ದಳು. ಒಬ್ಬ ಮುದುಕ ಏನೂ ಹೇಳದೆ ನೀರು ಕುಡಿದು, ಬಹಳ ಹೊತ್ತು ಕೂತು, ಅತ್ತು ಹೋದ. ಯಾಕೆ ಅಂತ ದುರುಗವ್ವ ಕೇಳಲಿಲ್ಲ. ಎರಡನೆಯ ಸಲ ತಂಬಿಗೆ ಸುರಿದಳು, ಅಷ್ಟೇ.

ಖಾಜಾಸಾಬನ ಕಥೆ ಮಾತ್ರ ಬದಲಾಗುತ್ತಿರಲಿಲ್ಲ. ದಿನಕ್ಕೆ ಮೂರು ಸಲ, ಅದೇ ದನಿ. "ಆ ಕಲ್ಲಿನ ಕಾಲುವೆ ನೋಡ್ರಿ ಸಾಹೇಬ್ರ. ಮನಿ ಮನಿ ಬಾಗಿಲಿಗೆ ನೀರು. ಆನಿಗೂ ಕಲ್ಲಿನ ಬಾನಿ, ಕುದ್ರಿಗೂ ಕಲ್ಲಿನ ಬಾನಿ. ಇಡೀ ಪಟ್ಟಣದಾಗ ಒಬ್ಬರೂ ನೀರು ಹೊರಲಿಲ್ಲ."

"ಆಗ ನಾ ಇರಬೇಕಾಗಿತ್ತು ನೋಡು ಖಾಜಣ್ಣಾ" ಎನ್ನುತ್ತಿದ್ದಳು ದುರುಗವ್ವ.

"ನೀ ಇದ್ರ ಅವಾಗೂ ಇಲ್ಲೇ ಕುಂತಿರತಿದ್ದಿ ತಂಗೀ. ಆ ಕಾಲುವಿ ಗುಡ್ಡ ಹತ್ತಿಲ್ಲ."

ಬಂದವರೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನೀರಿನ ಮೇಲೆ ಅವಳ ನಗು ನನಗೆ ಕಾಣುತ್ತಿತ್ತು.

ವರ್ಷಗಳು ಹೋದವು. ವರ್ಷ ಹೋದದ್ದು ನನಗೆ ತಿಳಿದದ್ದು ಆ ಮುಖದಿಂದಲೇ. ಮೊದಲು ಕಪ್ಪು ಕೂದಲು ನೀರಿಗೆ ಬಾಗುತ್ತಿತ್ತು, ಆಮೇಲೆ ನೆರೆತದ್ದು. ಮುಂದಿನ ಹಲ್ಲೊಂದು ಆರನೆಯ ಬೇಸಿಗೆಯಲ್ಲಿ ಇತ್ತು, ಏಳನೆಯದರಲ್ಲಿ ಇರಲಿಲ್ಲ. ಕೊಡ ಇಳಿಸುವಾಗಿನ ಉಸಿರು ಉದ್ದವಾಯಿತು. ಮೊಣಕಾಲು ಮಡಚಿದರೆ ಒಣಕಡ್ಡಿ ಮುರಿದ ಸದ್ದು. ನಾನೂ ಮೊದಲಿನಂತೆ ಇರಲಿಲ್ಲ. ಒಳಗೆಲ್ಲ ಉಪ್ಪು ಕಟ್ಟಿತ್ತು. ವರ್ಷಕ್ಕೊಮ್ಮೆ ಅವಳು ತೆಂಗಿನ ನಾರು, ಮರಳು ಹಾಕಿ ತಿಕ್ಕುತ್ತಿದ್ದಳು. ತಿಕ್ಕಿದ ಮೇಲೆ ಮತ್ತೆ ಬೆವರುತ್ತಿದ್ದೆ.

ಎಂಟನೆಯ ಬೇಸಿಗೆಗೆ ನೆತ್ತಿಯ ಮೇಲೆ ಹಸಿರು ಪರದೆ ಕಟ್ಟಿ ಒಂದು ಬಾಟ್ಲಿ ಅಂಗಡಿ ಬಂತು. ಅದರ ಮಾಲೀಕ ನಮ್ಮನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಆ ಅಂಗಡಿಗೆ ನೀರಿನ ಬಾಟ್ಲಿಯ ಡಬ್ಬಗಳನ್ನು ಹೊತ್ತು ತರುವವನು ಹೊನ್ನೂರಪ್ಪ ಅಂತ. ನಲವತ್ತು ದಾಟಿದ ಗಂಡಸು. ಮಾಲೀಕ ಅವನಿಗೆ ಹೇಳಿಬಿಟ್ಟಿದ್ದ, "ನೀನ ಆ ಹರವಿ ನೀರು ಕುಡಿದರ ನನ್ನ ಬಾಟ್ಲಿ ಯಾರು ಕೊಳ್ಳತಾರ?" ಹಾಗಾಗಿ ಅವನು ನಮ್ಮ ಕಡೆ ನೋಡದೆ ಹೋಗುತ್ತಿದ್ದ. ಅವನ ಏದುಸಿರು ಮಾತ್ರ ಬಂದು ಹೋಗುತ್ತಿತ್ತು.

ಕುಡಿಯುವವರು ಕಮ್ಮಿಯಾದರು. ಆದರೂ ದಿನಕ್ಕೊಬ್ಬರು ತಪ್ಪಲಿಲ್ಲ. ಒಂದೊಂದು ದಿನ ಮಧ್ಯಾಹ್ನ ಮೂರು ಗಂಟೆಯ ತನಕ ಯಾರೂ ಆ ಮಾತು ಆಡುತ್ತಿರಲಿಲ್ಲ. ಅವಳು ಒಣ ತುಟಿಯಲ್ಲಿ ಕೂತಿರುತ್ತಿದ್ದಳು. ಖಾಜಾಸಾಬ ಗೊಣಗುತ್ತಿದ್ದ. "ತುಂಬಿದ ಹರವಿ ಮುಂದ ಕುಂತು ಸಾಯತೀ ನೀ ಒಂದಿನ."

ಹನ್ನೆರಡನೆಯ ಬೇಸಿಗೆ ಬಂತು. ಅದೂ ಮುಗಿಯುತ್ತಾ ಬಂದಿತ್ತು. ಮಿರಗಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಆಗ ಬಂದ ವಿರುಪಣ್ಣ.

ವಿರುಪಣ್ಣ ಊರಿನ ಅಂಗಡಿಗಳ ಬೋರ್ಡು ಬರೆಯುವವನು. ಹೋದ ವರ್ಷ ಅವನ ತಾಯಿ ಗುಡ್ಡ ಹತ್ತಿ, ತಲೆ ತಿರುಗಿ, ನನ್ನ ನೀರು ಕುಡಿದು ಚೇತರಿಸಿಕೊಂಡಿದ್ದಳು. ಆ ಋಣ ಅವನ ಮನಸ್ಸಿನಲ್ಲಿತ್ತು. ಒಂದು ಇಳಿಹೊತ್ತಿನಲ್ಲಿ ಬಣ್ಣದ ಡಬ್ಬಿ, ಬ್ರಷ್ಷು ಹೊತ್ತು ಹತ್ತಿ ಬಂದ.

"ದುರುಗತ್ತೀ, ಇಂಥಾ ಪುಣ್ಯದ ಹರವಿ ಹಿಂಗ ಕರ್ರಗ ಕುಂತಿರಬಾರದು. ನೀ ಸುಮ್ನಿರು. ನಂದೊಂದು ಸೇವಾ ಇದು."

ಅಂದು 'ಹೊಟ್ಟಿ ತಣ್ಣಗಾತು' ಎಂಬ ಮಾತು ಬೆಳಿಗ್ಗೆಯೇ ಬಂದಾಗಿತ್ತು, ನೀರೂ ತಳ ಸೇರಿತ್ತು. ಅವಳು ಬೇಡ ಅನ್ನಲಿಲ್ಲ. ಅವನು ಬಹಳ ಅಕ್ಕರೆಯಿಂದ ಮಾಡಿದ, ಅದನ್ನು ಹೇಳಲೇಬೇಕು. ಕುತ್ತಿಗೆಯಿಂದ ಬುಡದ ತನಕ ನೀಲಿ ಎಣ್ಣೆಬಣ್ಣ, ಎರಡು ಸಲ. ಹೊಟ್ಟೆಯ ಮೇಲೆ ಬಿಳಿ ಅಕ್ಷರ. ಬರೆದು ಮುಗಿಸಿ ಗಟ್ಟಿಯಾಗಿ ಓದಿದ.

"ಗಾದಿಲಿಂಗಪ್ಪನ ಅರವಟ್ಟಿಗೆ."

ದುರುಗವ್ವ ಎದ್ದು ಹತ್ತಿರ ಬಂದಳು. ಬಗ್ಗಿ ಕೇಳಿದಳು. "ಅವರ ಹೆಸರು ಎಲ್ಲಿಂದ ಎಲ್ಲಿತನಕ ಐತಿ?"

"ಇಲ್ಲಿಂದ ಇಲ್ಲಿತನಕ. ಮುಟ್ಟಬ್ಯಾಡ ಅತ್ತೀ, ಇನ್ನೂ ಹಸಿ ಐತಿ."

ಮರುದಿನ ನಸುಕಿನಲ್ಲಿ ಅವಳ ಬೆರಳು ನನ್ನ ಹೊಟ್ಟೆಯ ಮೇಲೆ ನಿಧಾನವಾಗಿ ಹೋಯಿತು. ಒಂದೊಂದು ಅಕ್ಷರವನ್ನೂ ಸುತ್ತಿ ಬಂತು. ಓದಲು ಬಾರದವಳು. ಆದರೂ ಓದಿದಳು ಎಂದೇ ನನಗನ್ನಿಸಿತು. ಆಮೇಲೆ ನಾಲ್ಕು ಕೊಡ ತಂದು ಸುರಿದಳು.

ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಮೈ ಬಿಗಿದಂತಿತ್ತು. ಒಳಗಿನ ನೀರು ಹೊರಗೆ ಬರಲು ದಾರಿ ಹುಡುಕುತ್ತಿತ್ತು, ದಾರಿ ಇರಲಿಲ್ಲ. ತೋಟಪ್ಪನ ಮಾತು ನೆನಪಾಯಿತು. ಹೇಳಲು ನನಗೆ ನಾಲಿಗೆ ಎಲ್ಲಿದೆ? ಬಿಸಿಲು ಏರಿತು, ಬಂಡೆ ಕಾಯಿತು, ನಾನೂ ಕಾದೆ.

ಹನ್ನೊಂದು ಗಂಟೆಗೆ ದೂರದ ಊರಿನವನೊಬ್ಬ ಬೊಗಸೆ ಒಡ್ಡಿ, ಒಂದು ಗುಟುಕು ಕುಡಿದು, ಉಗುಳಿದ. "ಥೂ! ಇದೇನಮ್ಮ, ಸ್ನಾನಕ್ಕಿಟ್ಟ ನೀರಾ? ಪೈಂಟ್ ವಾಸನೆ ಬೇರೆ." ಅವನ ಜೊತೆಯವರು ನಗುತ್ತಾ ಹಸಿರು ಪರದೆಯ ಕಡೆ ಹೋದರು. ಆಮೇಲೆ ಇಬ್ಬರು ಹೆಂಗಸರು ಬಂದರು. ಅವರು ಮರ್ಯಾದಸ್ಥರು. ಉಗುಳಲಿಲ್ಲ, ನುಂಗಿದರು, ಏನೂ ಹೇಳದೆ ಹೋದರು.

ಹನ್ನೆರಡಾಯಿತು, ಒಂದಾಯಿತು. ದುರುಗವ್ವನ ತುಟಿಯ ಮೇಲೆ ಬಿಳಿ ಪೊರೆ ಕಟ್ಟಿತ್ತು. ಖಾಜಾಸಾಬ ಬಂದು ಬೊಗಸೆ ಹಿಡಿದ. ಕುಡಿದ. ಮುಖ ಕಿವುಚಿದ್ದನೋ ಏನೋ, ದನಿ ಮಾತ್ರ ಗಟ್ಟಿಯಾಗಿತ್ತು.

"ಆಹಾ. ಹೊಟ್ಟಿ ತಣ್ಣಗಾತು ತಂಗೀ."

"ಸುಳ್ಳ ಹೇಳಬ್ಯಾಡ ಖಾಜಣ್ಣಾ."

"ಸುಳ್ಳಲ್ಲ, ನನ್ನಾಣಿ..."

"ಆಣಿ ಇಡಬ್ಯಾಡ. ನೀ ಹೇಳಿದ್ದು ನನಗ ಕೇಳಿಸಿಲ್ಲ."

ಅವನು ಅವಳ ಮುಂದೆ ಕುಕ್ಕರಿಸಿದ. "ಇವತ್ತು ತಪ್ಪಿದ್ರ ಏನು ಮಾಡ್ತೀ? ಮತ್ತ ಹನ್ನೆರಡು ವರ್ಷ ಹತ್ತತೀ ಏನು ಈ ಕಾಲಾಗ? ಅಂವ ನನ್ನ ಕಣ್ಣ ಮುಂದ ಹಿಂಗ ಹೋದ ತಂಗೀ. ನೀನೂ ಹಿಂಗ ಹೋಗಬ್ಯಾಡ. ಒಂದು ಗುಟುಕು ಕುಡಿ. ನಿನ್ನ ಕಾಲಿಗೆ ಬೀಳತೀನಿ."

ದುರುಗವ್ವ ಎದ್ದು ಬಂದು ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟಳು. ಹನ್ನೆರಡು ವರ್ಷದಿಂದ ಅಲ್ಲಿ ಕೈ ಇಟ್ಟರೆ ಒದ್ದೆಯಾಗುತ್ತಿತ್ತು. ಇವತ್ತು ಕೈ ಒಣಗಿತ್ತು.

"ಬೆವರಿಲ್ಲ" ಎಂದಳು. "ಉಸರ ಕಟ್ಟೇತಿ ಇದಕ್ಕ."

ಒರಟು ಕಲ್ಲೊಂದನ್ನು ಆರಿಸಿಕೊಂಡಳು. ಮರಳು ಹಚ್ಚಿ ಬೆನ್ನ ಕಡೆಯಿಂದ ತಿಕ್ಕಲು ಶುರು ಮಾಡಿದಳು. ಒಂದೇ ದಿನದ ಬಣ್ಣ, ಇನ್ನೂ ಮೆತ್ತಗಿತ್ತು, ಸುರುಳಿ ಸುರುಳಿಯಾಗಿ ಎದ್ದು ಬಂತು. ಖಾಜಾಸಾಬನೂ ಒಂದು ಕಲ್ಲು ತೆಗೆದುಕೊಂಡ. ಬೆನ್ನು ಮುಗಿಯಿತು, ಪಕ್ಕೆ ಮುಗಿಯಿತು. ಹೆಸರಿದ್ದ ಭಾಗ ಉಳಿಯಿತು. ಹೊಳೆಯ ಕಡೆಯ ಗಾಳಿ ಬಡಿಯುತ್ತಿದ್ದದ್ದು ಅದೇ ಭಾಗಕ್ಕೆ.

"ಅಷ್ಟು ಬಿಡು ತಂಗೀ. ಅಲ್ಲಿ ಅವನ ಹೆಸರು ಐತಿ."

"ಹೆಸರಿಗೆ ದಾಹ ಆಗಂಗಿಲ್ಲ ಖಾಜಣ್ಣಾ."

ಕೆಳಗಿನಿಂದ ಯಾರೋ ಖಾಜಾಸಾಬನನ್ನು ಕೂಗಿದರು. ಅವನು ಕಣ್ಣು ಒರೆಸಿಕೊಂಡು ಹೋದ. ನಾವಿಬ್ಬರೇ ಉಳಿದೆವು. ಅವಳು ಕಲ್ಲನ್ನು ಅಕ್ಷರದ ಮೇಲಿಟ್ಟಳು, ಆದರೆ ಕೈ ಆಡಲಿಲ್ಲ. ಆಮೇಲೆ ಬಾಗಿ, ನನ್ನ ಬಾಯಿಯ ಹತ್ತಿರ ಮುಖ ತಂದು, ಬಾವಿಯೊಳಗೆ ಕರೆದಂತೆ ಕರೆದಳು.

"ಗಾದಿಲಿಂಗಪ್ಪಾ. ಸಿಟ್ಟಾಗಬ್ಯಾಡ."

ಅವಳ ಬಾಯಲ್ಲಿ ಆ ಹೆಸರನ್ನು ಕೇಳಿದ್ದು ನಾನು ಮಾತ್ರ. ಇಷ್ಟು ವರ್ಷ ಒಳಗೇ ಇದ್ದ ಹೆಸರು ನನ್ನ ಹೊಟ್ಟೆಯಲ್ಲಿ ಒಂದು ಸುತ್ತು ತಿರುಗಿ ಮೇಲೆ ಹೋಯಿತು. ಆಮೇಲೆ ಅವಳು ತಿಕ್ಕಿದಳು. ಬಿಳಿಯದೂ ಹೋಯಿತು, ನೀಲಿಯದೂ ಹೋಯಿತು, ಅದರ ಜೊತೆಗೆ ನನ್ನ ಚರ್ಮವೂ ಒಂದು ಪದರ ಹೋಯಿತು. ತುಂಬಿದ ಹೊಟ್ಟೆಯ ಮೇಲೆ ಅಷ್ಟು ಬಲ ತಡೆಯಲಿಲ್ಲ. ಒಳಗೆಲ್ಲೋ ಟಿಕ್ ಎಂದಿತು. ಅವಳಿಗೆ ಕೇಳಿಸಲಿಲ್ಲ. ನನಗೆ ಗೊತ್ತಾಯಿತು. ಆದರೆ ಅದೇ ಹೊತ್ತಿಗೆ ಮೈತುಂಬ ಸಣ್ಣಗೆ ಬೆವರು ಒಡೆಯಿತು. ಅಷ್ಟು ಹಾಯೆನಿಸಿದ್ದು ನನ್ನ ಬಾಳಿನಲ್ಲಿ ಬೇರೆ ಯಾವಾಗಲೂ ಇಲ್ಲ.

ಕಾದ ನೀರು ತಣ್ಣಗಾಗುವುದಕ್ಕೆ ಹೊತ್ತು ಬೇಕು. ಚೆಲ್ಲಿ ಬೇರೆ ತರಲು ಅವಳ ಕಾಲಲ್ಲಿ ಶಕ್ತಿ ಇರಲಿಲ್ಲ. ಗಾಳಿಗೆ ಕಾದೆವು. ನಾಲ್ಕರ ಮೇಲೆ ಗಾಳಿ ಬಂತು. ಸೂರ್ಯ ಮುಳುಗುವುದನ್ನು ನೋಡಲು ಜನ ಹತ್ತಿ ಬಂದರು. ಎಲ್ಲರ ಕೈಯಲ್ಲೂ ಬಾಟ್ಲಿ. ಪಟ್ಟಣ ಈಗ ಕೆಂಪಗಾಯಿತು, ಈಗ ಬಂಗಾರದಂತಾಯಿತು ಎಂದು ಕೂಗುತ್ತಿದ್ದರು. ನಮ್ಮ ಕಡೆ ಯಾರೂ ತಿರುಗಲಿಲ್ಲ. ದುರುಗವ್ವ ಬಂಡೆಗೆ ಒರಗಿದ್ದಳು. ಅವಳ ಉಸಿರು ಗರಗಸದಂತೆ ಕೇಳುತ್ತಿತ್ತು.

ಆಗ ಹೊನ್ನೂರಪ್ಪ ದಿನದ ಕಡೆಯ ಹೊರೆ ಹೊತ್ತು ಬಂದ. ಎರಡು ಡಬ್ಬ, ಒಂದರ ಮೇಲೊಂದು. ನಮ್ಮ ಮುಂದೆ ಬಂದಾಗ ಅವನ ಹೆಜ್ಜೆಯ ಸದ್ದು ನಿಂತಿತು. ಹೊರೆ ಇಳಿಸಿದ ಸದ್ದು ಕೇಳಿತು.

"ಯವ್ವಾ, ಒಂದು ತಂಬಿಗಿ ಹಾಕು. ನಮ್ಮ ಮಾಲಕ ನೋಡಿದ್ರ ನೋಡ್ಲಿ."

ದುರುಗವ್ವ ಎದ್ದಳು. ತಂಬಿಗೆ ಮುಳುಗಿಸುವಾಗ ಅದು ನನ್ನ ತುಟಿಗೆ ತಾಗಿ ತಾಗಿ ಸದ್ದಾಯಿತು. ಅವನು ಕುಡಿದ. ಎರಡನೆಯದು ಕೇಳಿದ. ಮೂರನೆಯದು ಕೇಳಿದ. ಬಾಯಿ ಒರೆಸಿಕೊಂಡ. ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ, ಕೇಳುವಂತಿರಲಿಲ್ಲ. ಅವನು ಡಬ್ಬಗಳನ್ನು ಎತ್ತಿ ತಲೆಗೆ ಇಟ್ಟುಕೊಂಡ. ಹೆಜ್ಜೆ ದೂರ ಹೋಯಿತು. ನಾನು ಮುಗಿಯಿತು ಎಂದುಕೊಂಡೆ.

ಹೆಜ್ಜೆ ನಿಂತಿತು. ಅಲ್ಲಿಂದಲೇ ಕೂಗಿದ.

"ನಾಕು ವರ್ಷದಿಂದ ಈ ಬಾಟ್ಲಿ ಹೊರತೀನಿ ಯವ್ವಾ. ಹೊಟ್ಟಿ ತಣ್ಣಗಾಗಿದ್ದು ಇವತ್ತು ನೋಡು."

ದುರುಗವ್ವ ಒಂದು ತಂಬಿಗೆ ಬಂಡೆಯ ಬುಡಕ್ಕೆ ಎರೆದಳು. ಅರ್ಧ ಅವಳ ಕಾಲ ಮೇಲೆಯೇ ಬಿತ್ತು. ಆಮೇಲೆ ತಾನು ಕುಡಿದಳು. ಕುಡಿದು, ನನ್ನ ತುಟಿಯ ಮೇಲೆ ಹಣೆ ಇಟ್ಟು ನಿಂತಳು. ಬೆಳಕು ಹೋಗುವ ತನಕ ಆ ಮುಖ ನೀರಿನಲ್ಲಿತ್ತು.

ಆಮೇಲಿನ ಇಪ್ಪತ್ತು ಚಿಲ್ಲರೆ ದಿನ ನಾನು ಅವಳಿಗೆ ಹೊರೆಯಾದೆ. ಸೀಳಿನಿಂದ ನೀರು ಜಿನುಗುತ್ತಿತ್ತು. ಎರಡು ಸಲ ಹತ್ತುವವಳು ಮೂರು ಸಲ ಹತ್ತಿದಳು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಸೀಳಿಗೆ ಸುಣ್ಣ, ಬೆಲ್ಲ ಕಲಸಿ ಮೆತ್ತಿದಳು, ನಿಲ್ಲಲಿಲ್ಲ. ಜಿನುಗಿದ ನೀರು ಬಂಡೆಯ ಬುಡಕ್ಕೇ ಹರಿಯುತ್ತಿತ್ತು. ಅದನ್ನು ನೋಡಿ ಒಮ್ಮೆ, "ಕುಡೀಲಿ ಬಿಡು" ಎಂದಳು. ವಿರುಪಣ್ಣ ಬಂದವನು ಬಣ್ಣ ಕಾಣದೆ, "ಅತ್ತೀ, ಮತ್ತೊಮ್ಮೆ ಬರೀಲೇನು?" ಎಂದು ಕೇಳಿದ. "ಸಾಕಪ್ಪಾ, ಒಮ್ಮೆ ಓದಿದೆ" ಎಂದಳು. ಅವನಿಗೆ ಯಾಕೆ ಅಳಿಸಿದಳು ಎಂಬುದನ್ನು ಹೇಳಲಿಲ್ಲ. ಅವನ ಮನಸ್ಸು ನೋಯಿಸಲು ಅವಳಿಗೆ ಇಷ್ಟವಿರಲಿಲ್ಲ.

ಮಿರಗದ ಮೊದಲ ಮಳೆ ಹನಿಯಿತು. ಹನ್ನೆರಡು ಬೇಸಿಗೆ ಮುಗಿದವು. ಮಳೆ ನಿಂತ ಮೇಲೆ ಅವಳು ನನ್ನನ್ನು ಎಂದಿನಂತೆ ಬೋರಲು ಹಾಕಲಿಲ್ಲ. ಮರಳಿನಿಂದ ಎತ್ತಿ, ತಬ್ಬಿಕೊಂಡು, ಬಂಡೆಯಾಚೆ ತಂದು, ಅಂಚಿನ ಹತ್ತಿರ ಒಂದು ಸಂದಿನಲ್ಲಿ ಮಲಗಿಸಿದಳು. ಉರುಳದಂತೆ ಎರಡು ಕಲ್ಲು ಕೊಟ್ಟಳು.

"ನಂದೂ ಮುಗೀತು, ನಿಂದೂ ಮುಗೀತು" ಎಂದಳು. "ಎಲ್ಲಾರೂ ನೋಡಿ ಹೋಗತಾರ. ನೀನೂ ನೋಡಕೋಂತ ಮಲಗು."

ಖಾಲಿ ಕೈಯಲ್ಲಿ ಇಳಿದು ಹೋದಳು.

ನನ್ನ ಬಾಯಿ ಮೊದಲ ಬಾರಿಗೆ ಅಡ್ಡಲಾಗಿತ್ತು. ಕೆಳಗೆ ಪಟ್ಟಣ ಇತ್ತು. ಇದ್ದೇ ಇತ್ತು, ಎಲ್ಲರೂ ಹೇಳಿದ ಕಂಬ, ಕಾಲುವೆ, ಗೋಪುರ ಎಲ್ಲವೂ ಅಲ್ಲಿದ್ದಿರಬೇಕು. ಆದರೆ ನನ್ನ ಬಾಯಿಯ ನೇರಕ್ಕೆ ಒಂದು ದಾರಿ ಬಿತ್ತು. ಬಂಡೆಗಳ ನಡುವೆ ನುಸುಳಿ, ಕಡಿದಾಗಿ ಇಳಿದು, ತಿರುಗಿ, ಮತ್ತೆ ಇಳಿದು, ಕೆಳಗೆ ಕೆಳಗೆ ಹೋಗಿ, ಹೊಳೆಯ ದಂಡೆಯ ಸಾಸಿವೆ ಕಾಳಿನಷ್ಟು ಸಣ್ಣ ಬೋರಿಂಗಿಗೆ ಮುಟ್ಟುವ ದಾರಿ. ಆ ದಾರಿಯಲ್ಲಿ ದುರುಗವ್ವ ಇಳಿಯುತ್ತಿದ್ದಳು. ಅವಳ ಬೆನ್ನನ್ನು, ಅವಳ ಕಾಲನ್ನು, ಅವಳನ್ನು ಇಡಿಯಾಗಿ ನಾನು ಕಂಡದ್ದು ಅದೇ ಮೊದಲು. ಕಾಲು ಸೊಟ್ಟಗಾಗಿತ್ತು. ಒಂದು ಬಂಡೆಗೆ ಕೈ ಕೊಟ್ಟು ನಿಂತಳು. ಇಳಿದಳು. ಮತ್ತೊಂದಕ್ಕೆ ಕೈ ಕೊಟ್ಟು ನಿಂತಳು. ಈ ಸಲ ಎಣಿಸಿದೆ. ಏಳು ಕಡೆ ನಿಂತಳು. ಖಾಲಿ ಕೈಯಲ್ಲಿ, ಇಳಿಯುವಾಗ, ಏಳು ಕಡೆ. ಅವಳು ಕೈ ಆನಿಸಿದ ಒಂದೊಂದು ಬಂಡೆಯೂ ಆ ಜಾಗದಲ್ಲಿ ನುಣ್ಣಗಾಗಿ ಹೊಳೆಯುತ್ತಿತ್ತು.

ನೀರು ನನ್ನ ಹೊಟ್ಟೆಗೆ ಮೇಲಿನಿಂದ ಬೀಳುತ್ತಿತ್ತು. ಅದು ಆಕಾಶದಿಂದ ಬರುತ್ತದೆ ಎಂಬಂತೆಯೇ ನಾನು ಹನ್ನೆರಡು ವರ್ಷ ಕೂತಿದ್ದೆ.

ಅವಳು ಮತ್ತೆ ಹತ್ತಿ ಬರಲಿಲ್ಲ. ಬರುವ ಕಾಲು ಉಳಿದಿರಲಿಲ್ಲ. ಹೊನ್ನೂರಪ್ಪ ಹೊರೆ ಇಳಿಸಿ ದಣಿವಾರಿಸಿಕೊಳ್ಳಲು ನನ್ನ ಪಕ್ಕದಲ್ಲಿ ಕೂರುತ್ತಾನೆ. ಖಾಜಾಸಾಬ ಬಂದ ದಿನ ಇಬ್ಬರೂ ಮಾತಾಡುತ್ತಾರೆ. ದುರುಗವ್ವ ಚೆನ್ನಾಗಿದ್ದಾಳಂತೆ, ಬಾಗಿಲಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾಳಂತೆ, ಬಾಯಾರಿದ ತಕ್ಷಣ ನೀರು ಕುಡಿಯುತ್ತಾಳಂತೆ, ಯಾರಿಗೂ ಕಾಯುವುದಿಲ್ಲವಂತೆ.

ನನ್ನ ಸೀಳು ಈಗ ಬುಡದ ತನಕ ಬಂದಿದೆ. ಪಕ್ಕೆಯ ತಗ್ಗಿನಲ್ಲಿ ಒಂದು ಬೊಗಸೆ ಮಳೆನೀರು ನಿಲ್ಲುತ್ತದೆ. ಹಕ್ಕಿಗಳು ಬಂದು ಕುಡಿಯುತ್ತವೆ. ಜನ ಬರುತ್ತಾರೆ, ನನ್ನ ಪಕ್ಕದಲ್ಲೇ ನಿಂತು ಪಟ್ಟಣವನ್ನು ಒಬ್ಬರಿಗೊಬ್ಬರು ತೋರಿಸುತ್ತಾರೆ. ನನ್ನ ಎದುರಿಗೂ ಅದೇ ಪಟ್ಟಣ ಬಿದ್ದಿದೆ. ನಾನು ಆ ದಾರಿಯನ್ನು ಒಂದೊಂದು ಬಂಡೆಯಾಗಿ ಹತ್ತುತ್ತೇನೆ, ಇಳಿಯುತ್ತೇನೆ, ಮತ್ತೆ ಹತ್ತುತ್ತೇನೆ. ಪಟ್ಟಣ ನೋಡುವುದಕ್ಕೆ ನನಗಿನ್ನೂ ಪುರಸೊತ್ತಾಗಿಲ್ಲ.